ಸ್ವಾಗತವಾಗದ ಅತಿಥಿ

ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿದ್ದುದರಿಂದ ಅವಳಿಗೆ ಮನೆಯಲ್ಲಿ ಸಿಡುಕಿ ಎಂದೇ ಹೆಸರು. ಪಿಎಚ್.ಡಿ.ಗಾಗಿ ನಾಲ್ಕು ವರ್ಷ ಪಾಚಿ ಸಾಕಿದವಳು. ಅದರ ಒಳಗನ್ನು ತೋರಿಸುವಂಥ ಮೈಕ್ರೋಸ್ಕೋಪು ಅವಳ ವಿಶ್ವವಿದ್ಯಾಲಯದಲ್ಲಿ ಇರಲಿಲ್ಲ, ದೂರದ ಈ ವಿಶ್ವವಿದ್ಯಾಲಯದಲ್ಲಿತ್ತು. ಹಾಗಾಗಿ ಮೂರು ತಿಂಗಳ ಮಟ್ಟಿಗೆ ಸಂದರ್ಶಕ ಸಂಶೋಧಕಿಯಾಗಿ, ಪಾಚಿಯ ಸೀಸೆಗಳ ಪೆಟ್ಟಿಗೆಯನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ಬಂದಿಳಿದಳು. ಪಾಚಿಗೆ ಜೀವ ಇರುವಾಗಲೇ ನೋಡಬೇಕು. ಸತ್ತರೆ ನಾಲ್ಕು ವರ್ಷ ದುಡಿದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಮೈಕ್ರೋಸ್ಕೋಪು ಇದ್ದದ್ದು ಕಾರಿಡಾರಿನ ಕೊನೆಯಲ್ಲಿ, ಹೊರಗಿನ ಸಂಶೋಧಕರಿಗೆಂದು ಮೀಸಲಿಟ್ಟ ಅತಿಥಿ ಕೋಣೆಯಲ್ಲಿ. ಅದರ ಮುಂದೆ ಒಂದೇ ಕುರ್ಚಿ. ಕುರ್ಚಿಯಲ್ಲಿ ಕಂದು ಸ್ವೆಟರಿನವರೊಬ್ಬರು ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದರು.

"ಸ್ವಲ್ಪ ಏಳ್ತೀರಾ ಸಾರ್? ಈ ಜಾಗ ನನಗೆ ಕೊಟ್ಟಿದ್ದಾರೆ."

"ನನಗೂ ಕೊಟ್ಟಿದ್ದಾರಲ್ಲಮ್ಮ. ನಾನೂ ನಿಮ್ಮ ಹಾಗೇ ಅತಿಥಿ."

"ಯಾವಾಗ ಬಂದ್ರಿ?"

"ಒಂಬತ್ತು ವರ್ಷ ಆಯ್ತು."

ಸಿಡುಕಿ ಪೆಟ್ಟಿಗೆ ಸಮೇತ ವಿಭಾಗದ ಮುಖ್ಯಸ್ಥರ ಕೋಣೆಗೆ ನುಗ್ಗಿದಳು. ಆ ಮನುಷ್ಯನ ಮಾತು ಬೆಣ್ಣೆ, ನಿಯಮ ಮಾತ್ರ ಕಗ್ಗಲ್ಲು.

"ಅವರನ್ನ ಕಳಿಸಬೇಕು ಅಂತ ನಮಗೂ ಆಸೆಯೇ. ಆದರೆ ಇಲ್ಲೊಂದು ಪದ್ಧತಿ ಇದೆ ನೋಡಿ. ಬಂದೋರಿಗೆ ಸ್ವಾಗತ, ಹೋಗೋರಿಗೆ ಬೀಳ್ಕೊಡುಗೆ. ಅವರು ಬಂದಾಗ ನಾನು ರಜೆ ಮೇಲಿದ್ದೆ, ಸ್ವಾಗತ ತಪ್ಪಿಹೋಯ್ತು. ಸ್ವಾಗತವೇ ಆಗದೋರನ್ನ ಬೀಳ್ಕೊಡೋದು ಹೇಗೆ? ಲೆಕ್ಕಕ್ಕೆ ಅವರಿನ್ನೂ ಬಂದೇ ಇಲ್ಲ."

"ಬರದೇ ಇರೋರು ಉಗುರು ಕತ್ತರಿಸ್ಕೊಂಡು ಕೂತಿದ್ದಾರೆ ಸಾರ್!"

"ನಾನೂ ನೋಡಿದ್ದೀನಿ," ಎಂದರು ಮುಖ್ಯಸ್ಥರು, ತುಂಬ ನೊಂದುಕೊಂಡು.

"ಹಾಗಾದ್ರೆ ನನ್ನ ಸ್ವಾಗತ?"

"ಅವರನ್ನ ಬೀಳ್ಕೊಟ್ಟ ಮೇಲೆ. ಇರೋದು ಒಂದೇ ಕುರ್ಚಿ ಅಲ್ವಾ?"

ಸಿಡುಕಿ ಕಾರಿಡಾರಿನ ಕಿಟಕಿಯ ಕಟ್ಟೆಯ ಮೇಲೆ ಸೀಸೆಗಳನ್ನು ಸಾಲಾಗಿ ಇಟ್ಟು ಕಾವಲು ನಿಂತಳು. ಅಮ್ಮ ಫೋನು ಮಾಡಿದಳು.

"ಏನೇ, ಕೂರೋಕೆ ಜಾಗ ಸಿಕ್ತಾ?"

"ಇಲ್ಲಮ್ಮ, ನಿಂತಿದ್ದೀನಿ."

"ಅಯ್ಯೋ, ಇನ್ನೂ ಬಸ್ಸಲ್ಲೇ ಇದ್ದೀಯೇನೇ?"

"ಯೂನಿವರ್ಸಿಟೀಲಿ ಕಣಮ್ಮ!"

ವಾರ ಕಳೆಯುವುದರೊಳಗೆ ಅರ್ಧಕ್ಕರ್ಧ ಸೀಸೆಗಳು ಹಳದಿಗೆ ತಿರುಗಿದವು. ಒಂದು ಬೆಳಿಗ್ಗೆ ಮೂರು ಸೀಸೆಗಳನ್ನು ಸಿಂಕಿಗೆ ಸುರಿಯಬೇಕಾಯಿತು. ಸುರಿದವಳೇ ನೆಟ್ಟಗೆ ಮುಖ್ಯಸ್ಥರ ಎದುರು ನಿಂತಳು.

"ಅವರಿಗೆ ನಾಳೆನೇ ಸ್ವಾಗತ ಮಾಡಿ ಸಾರ್. ಹೂಗುಚ್ಛ ನಾನೇ ತರ್ತೀನಿ. ಎರಡು ತರ್ತೀನಿ. ಒಂದು ಕೊಟ್ಟು ಬನ್ನಿ ಅನ್ನಿ, ಇನ್ನೊಂದು ಕೊಟ್ಟು ಹೋಗಿ ಅನ್ನಿ."

ಮುಖ್ಯಸ್ಥರು ಯೋಚಿಸಿದರು. ನಿಯಮ ಎಲ್ಲೂ ಮುರಿಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ಒಪ್ಪಿದರು.

ಮರುದಿನ ಸಭೆ ಸೇರಿತು. ಮುಖ್ಯಸ್ಥರು ಮೊದಲ ಹೂಗುಚ್ಛ ಕೊಟ್ಟು, "ತಮಗೆ ನಮ್ಮ ವಿಭಾಗಕ್ಕೆ ಹೃತ್ಪೂರ್ವಕ ಸ್ವಾಗತ," ಎಂದರು. ಸ್ವೆಟರಿನವರು ಗಳಗಳನೆ ಅತ್ತುಬಿಟ್ಟರು.

"ಒಂಬತ್ತು ವರ್ಷದಲ್ಲಿ ಒಬ್ಬರೂ ಬನ್ನಿ ಅಂದಿರಲಿಲ್ಲ. ಬನ್ನಿ ಅನ್ನಿಸಿಕೊಳ್ಳದೆ ಪರರ ಸಾಮಾನು ಮುಟ್ಟೋದು ಮರ್ಯಾದೆ ಅಲ್ಲ ಅಂತ ಆ ಮೈಕ್ರೋಸ್ಕೋಪಿನ ಮುಸುಕು ಕೂಡ ತೆಗೆದಿಲ್ಲ ನಾನು. ಇವತ್ತಿಂದ ನನ್ನ ಸಂಶೋಧನೆ ಶುರು!"

ಚಪ್ಪಾಳೆಯೋ ಚಪ್ಪಾಳೆ. ಎರಡನೆಯ ಹೂಗುಚ್ಛ ಸಿಡುಕಿಯ ಕೈಯಲ್ಲೇ ಉಳಿಯಿತು. ಅವಳು ಅದನ್ನು ಕಸದ ಬುಟ್ಟಿಗೆ ಎಸೆದಳು. ಎಲ್ಲರೂ ಚಹಾ ಕುಡಿಯುತ್ತಿದ್ದಾಗ, ಉಳಿದ ಸೀಸೆಗಳನ್ನು ಬಾಚಿಕೊಂಡು ಹೋಗಿ ಅತಿಥಿ ಕೋಣೆಯ ಕುರ್ಚಿಯಲ್ಲಿ ಧೊಪ್ಪನೆ ಕೂತು, ಮೈಕ್ರೋಸ್ಕೋಪಿನ ಮುಸುಕು ಕಿತ್ತೆಸೆದಳು.

ಸ್ವೆಟರಿನವರೂ ಮುಖ್ಯಸ್ಥರೂ ಬಾಗಿಲಿಗೆ ಬಂದರು.

"ಏಳಮ್ಮ, ನಿಮಗಿನ್ನೂ ಸ್ವಾಗತ ಆಗಿಲ್ಲ," ಎಂದರು ಮುಖ್ಯಸ್ಥರು.

"ಅಂದ್ರೆ ಲೆಕ್ಕಕ್ಕೆ ನಾನಿನ್ನೂ ಬಂದಿಲ್ಲ, ಹೌದಾ?"

"ಹೌದು, ಬಂದಿಲ್ಲ."

"ಬರದೇ ಇರೋಳನ್ನ ಎಬ್ಬಿಸೋದು ಹೇಗೆ ಸಾರ್?"

ಮುಖ್ಯಸ್ಥರು ತಲೆ ಕೆರೆದುಕೊಂಡರು. ಮಾತಿನಲ್ಲಿ ತಪ್ಪು ಸಿಗಲಿಲ್ಲ. "ನಿಜ. ಕುರ್ಚಿ ಖಾಲಿ ಇದೆ, ಕೂತ್ಕೊಳ್ಳಿ," ಎಂದು ಸ್ವೆಟರಿನವರಿಗೆ ಹೇಳಿದರು.

ಸಿಡುಕಿ ತಿರುಗಿ ನೋಡಿದಳು. "ಹೂಂ, ಕೂತ್ಕೊಳ್ಳಿ, ನೋಡೇಬಿಡೋಣ!"

ಸ್ವೆಟರಿನವರು ಒಂದು ಹೆಜ್ಜೆ ಹಿಂದೆ ಸರಿದರು. "ಖಾಲಿಯೇನೋ ಇದೆ ಸಾರ್. ಆದ್ರೆ ಇವತ್ತು ಯಾಕೋ ಬಿಸಿ ಇದ್ದಂಗಿದೆ. ಆರಲಿ ಬಿಡಿ, ನನಗೇನು ಅವಸರ?"

ಕೋಣೆಯಲ್ಲಿ ಯಾರೂ ಇಲ್ಲವೆಂದು ಮುಖ್ಯಸ್ಥರು ಪರದೆ ಎಳೆದು, ದೀಪ ಆರಿಸಿ, ಬಾಗಿಲು ಮುಂದೆ ಮಾಡಿಕೊಂಡು ಹೋದರು.

ಸಿಡುಕಿ ಕತ್ತಲಲ್ಲೇ ತಡಕಾಡಿ ಮೈಕ್ರೋಸ್ಕೋಪಿನ ಪುಟ್ಟ ದೀಪ ಹಚ್ಚಿದಳು. ಕೊಂಚ ಹಸಿರು ಉಳಿದಿದ್ದ ಸೀಸೆಯಿಂದ ಒಂದು ಹನಿ ತೆಗೆದು ಗಾಜಿನ ಮೇಲಿಟ್ಟು, ಉಸಿರು ಬಿಗಿಹಿಡಿದು ಬಗ್ಗಿದಳು. ಎಲ್ಲ ನಿಶ್ಚಲ. ಎಷ್ಟೋ ಹೊತ್ತಾದ ಮೇಲೆ ಮೂಲೆಯಲ್ಲಿ ಹಸಿರು ಕಣವೊಂದು ಮೆಲ್ಲಗೆ ಹೊರಳಿತು.

"ಬಾ ನನ್ನವ್ವ, ಬಾ," ಎಂದಳು ಸಿಡುಕಿ. ಆ ವಿಭಾಗದಲ್ಲಿ ಹೂಗುಚ್ಛವಿಲ್ಲದೆ ನಡೆದ ಮೊದಲ ಸ್ವಾಗತ ಅದು.