ದಣಿಯದ ಹನ್ನೊಂದನೇ ನಂಬರು

ನಾನು ಆಟಗಾರ್ತಿಯರ ಮುಖ ನೋಡುವುದಿಲ್ಲ. ಮುಖ ನೋಡಿ ಆರಿಸುವುದು ನಾಟಕದವರ ಕೆಲಸ. ಹಾಕಿಗೆ ಬೇಕಾದದ್ದು ಕಾಲು ಮತ್ತು ಕೋಲು. ಹಾಗಾಗಿ ಯಾವ ಕಾಲೇಜಿನ ಮೈದಾನಕ್ಕೆ ಹೋದರೂ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ, ಮೂಲೆ ಹಿಡಿದು, ಟೋಪಿ ಹಣೆಗೆಳೆದುಕೊಂಡು ಕೂರುತ್ತೇನೆ. ನಂಬರು ಬರೆದುಕೊಳ್ಳುತ್ತೇನೆ. ಆಟ ಮುಗಿಯಲು ಎರಡು ನಿಮಿಷ ಇರುವಾಗಲೇ ಎದ್ದು ಬರುತ್ತೇನೆ. ಹೆಸರು ವಿಚಾರಿಸಲು ಹೋದರೆ ಪಕ್ಕದಲ್ಲಿ ಕೂತ ಬೇರೆ ತಂಡದವರಿಗೆ ವಾಸನೆ ಬಡಿಯುತ್ತದೆ. ಈ ಪದ್ಧತಿ ಹನ್ನೆರಡು ವರ್ಷ ನನಗೆ ಕೈ ಕೊಟ್ಟಿರಲಿಲ್ಲ.

ನಮ್ಮದು ಲಾಂಡ್ರಿಯ ತಂಡ. ನಗಬೇಡಿ. ಊರಿನ ಅರ್ಧ ಹೋಟೆಲುಗಳ ಹಾಸಿಗೆ ಬಟ್ಟೆ, ಎರಡು ಆಸ್ಪತ್ರೆಗಳ ಹಸಿರು ಅಂಗಿ, ಎಲ್ಲ ಒಗೆಯುವುದು ನಮ್ಮಲ್ಲೇ. ತಂಡಕ್ಕೆ ಸೇರಿದ ಹುಡುಗಿಯರಿಗೆ ಬೆಳಿಗ್ಗೆ ಲಾಂಡ್ರಿಯಲ್ಲಿ ಕೆಲಸ, ಮಧ್ಯಾಹ್ನ ಮೈದಾನದಲ್ಲಿ ಅಭ್ಯಾಸ. ಇಡೀ ಲೀಗಿನಲ್ಲಿ ನಮ್ಮಷ್ಟು ಬೆಳ್ಳಗಿನ ಜರ್ಸಿ ಇನ್ನೊಬ್ಬರದ್ದಿಲ್ಲ. ಗೋಲಿನ ಮಾತು ಬೇರೆ. ಕಳೆದ ವರ್ಷ ಕೊನೆಯಿಂದ ಎರಡನೇ ಸ್ಥಾನಕ್ಕೆ ಬಂದು ಅದಕ್ಕೇ ಸಿಹಿ ಹಂಚಿದೆವು.

ಲಾಂಡ್ರಿಯ ಮ್ಯಾನೇಜರೂ ತಂಡದ ಕಾರ್ಯದರ್ಶಿಯೂ ಒಬ್ಬರೇ, ನನ್ನ ಭಾವ. ಅಕ್ಕನ ಗಂಡ. ಒಳ್ಳೆಯ ಮನುಷ್ಯ, ಆದರೆ ಪಟ್ಟಿಯೆಂದರೆ ಪ್ರಾಣ. ತರಕಾರಿ ತರಲು ಹೊರಟರೂ ಪಟ್ಟಿ ಬರೆದು ಕೆಳಗೆ ಸಹಿ ಹಾಕುತ್ತಾರೆ. ಲೀಗಿಗೆ ಪ್ರತಿ ವರ್ಷ ಹದಿನೆಂಟು ಹೆಸರಿನ ಪಟ್ಟಿ ಕಳಿಸಬೇಕು. ಅದರಲ್ಲಿ ಹದಿನೆಂಟನೆಯ ಹೆಸರು ನನ್ನದು. ಮೀಸಲು ಗೋಲ್‌ಕೀಪರ್.

ನನಗೀಗ ನಲವತ್ತಮೂರು. ಎಡ ಮೊಣಕಾಲು ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಕೊನೆಯ ಸಲ ಪಂದ್ಯದಲ್ಲಿ ನಿಂತು ಆರು ವರ್ಷವಾಯಿತು. ಒಂದು ಕಾಲದಲ್ಲಿ ನನ್ನನ್ನು ಎಲ್ಲರೂ ‘ಗೋಡೆ’ ಎಂದು ಕರೆಯುತ್ತಿದ್ದರು. ಈಗಲೂ ಕರೆಯುತ್ತಾರೆ, ಆದರೆ ಈಗ ಅದು ಸೊಂಟ ನೋಡಿ ಎಂದು ಅಕ್ಕ ರೇಗಿಸುತ್ತಾಳೆ. ಆದರೂ ಸೀಸನ್ ಶುರುವಾಗುವ ದಿನ ಆಫೀಸಿನ ಬೋರ್ಡಿನ ಮೇಲೆ ನನ್ನ ಹೆಸರು ಕಂಡರೆ ನನಗಾಗುವ ಖುಷಿ ಹೇಳಿಕೊಳ್ಳಲು ನಾಚಿಕೆ. ನಾನಿನ್ನೂ ಆಟಗಾರ್ತಿ ಎನ್ನಲು ಉಳಿದಿದ್ದದ್ದು ಆ ಒಂದು ಸಾಲು.

ಈ ವರ್ಷವೂ ಭಾವ ಊಟಕ್ಕೆ ಕೂತಾಗ ಮಾತು ತೆಗೆದರು. "ಈ ಸಲವಾದ್ರೂ ಆ ಜಾಗ ಬಿಟ್ಟುಕೊಡಮ್ಮ."

"ನನಗಿಂತ ಚೆನ್ನಾಗಿ ಗೋಲು ಕಾಯೋಳು ಬರಲಿ ಭಾವ. ನನ್ನ ಕೈಯಾರೆ ಹೆಸರು ಹೊಡೆದುಹಾಕ್ತೀನಿ."

"ಹೋದ ವರ್ಷಾನೂ ಇದೇ ಹೇಳಿದ್ದೆ."

"ಹೋದ ವರ್ಷ ಬರಲಿಲ್ವಲ್ಲ!"

ಅಕ್ಕ ನೀರಿನ ಲೋಟ ಇಬ್ಬರ ಮಧ್ಯೆ ಕುಕ್ಕಿದಳು. ಅಲ್ಲಿಗೆ ಮಾತು ಮುಗಿಯಿತು. ಈ ವರ್ಷ ಹೇಗೂ ಒಂದು ಜಾಗ ಖಾಲಿಯಿತ್ತು. ನಮ್ಮ ಸೆಂಟರ್ ಫಾರ್ವರ್ಡ್ ಬೇರೆ ಊರಿನ ತಂಡಕ್ಕೆ ಹೋಗಿದ್ದಳು. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಪಟ್ಟಿ ಲೀಗಿನ ಕಚೇರಿ ಸೇರಬೇಕು. ಅಷ್ಟರೊಳಗೆ ಒಬ್ಬ ಹುಡುಗಿಯನ್ನು ಹುಡುಕಿ ತರುವುದು ನನ್ನ ಪಾಲಿನ ಕೆಲಸ.

ಮಂಗಳವಾರ ಮಹಿಳಾ ಕಾಲೇಜಿನ ಸ್ನೇಹ ಪಂದ್ಯಕ್ಕೆ ಹೋದೆ. ಮೊದಲ ಐದೇ ನಿಮಿಷದಲ್ಲಿ ಬೆನ್ನು ನೆಟ್ಟಗಾಯಿತು. ಹನ್ನೊಂದನೇ ನಂಬರು, ಕೆಂಪು ಲೇಸಿನ ಶೂ. ಎದುರಾಳಿಯ ಕೋಲಿನ ತುದಿಯಿಂದ ಚೆಂಡನ್ನು ಹೇಗೆ ಎಗರಿಸಿಕೊಂಡು ಹೋಗುತ್ತಿದ್ದಳೆಂದರೆ, ಕಳೆದುಕೊಂಡವಳು ಇನ್ನೂ ಚೆಂಡು ತನ್ನಲ್ಲೇ ಇದೆ ಎಂದುಕೊಂಡು ನಾಲ್ಕು ಹೆಜ್ಜೆ ಓಡುತ್ತಿದ್ದಳು. ಎರಡನೇ ಕ್ವಾರ್ಟರಿನಲ್ಲಿ ಅದೇ ಹನ್ನೊಂದು ಹಿಂದೆ ನಿಂತು ಇಡೀ ಮೈದಾನಕ್ಕೆ ಅಳತೆ ಹಿಡಿದು ಚೆಂಡು ಹಂಚಿತು. ಮೂರನೆಯದರಲ್ಲಿ ಮತ್ತೆ ಎಗರಾಟ, ನಾಲ್ಕನೆಯದರಲ್ಲಿ ಮತ್ತೆ ಶಾಂತ. ಉಳಿದವರೆಲ್ಲ ಸೊಂಟ ಹಿಡಿದು ಏದುಸಿರು ಬಿಡುತ್ತಿದ್ದರೆ ಈಕೆಯ ಓಟದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಪುಸ್ತಕದಲ್ಲಿ ಬರೆದುಕೊಂಡೆ: ‘ಹನ್ನೊಂದು. ಎರಡು ಥರದ ಆಟ ಬರುತ್ತದೆ. ದಣಿವೇ ಇಲ್ಲ.’ ಕೆಳಗೆ ಎರಡು ಗೆರೆ ಎಳೆದೆ. ಆ ಗೆರೆಗಳನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅದೇ ಸಂಜೆ ಕಾಲೇಜಿನ ಪೀಟಿ ಮೇಷ್ಟ್ರಿಗೆ ಪತ್ರ ಕಳಿಸಿದೆ: ‘ನಿಮ್ಮ ಹನ್ನೊಂದನೇ ನಂಬರಿನ ಆಟಗಾರ್ತಿಗೆ ನಮ್ಮ ತಂಡದಲ್ಲಿ ಜಾಗವಿದೆ. ಶುಕ್ರವಾರ ಮೂರು ಗಂಟೆಗೆ ಬಂದು ಸಹಿ ಹಾಕಲಿ.’ ವಿಮಾ ಕಂಪನಿಯ ತಂಡದವರು ಕಾರು ತಗೊಂಡು ಅದೇ ಹುಡುಗಿಯ ಹಿಂದೆ ಬಿದ್ದಿದ್ದಾರೆಂದು ಬುಧವಾರ ತಿಳಿಯಿತು. ಎರಡು ದಿನ ಊಟ ಸೇರಲಿಲ್ಲ.

ಶುಕ್ರವಾರ ಮೂರಕ್ಕೆ ಸರಿಯಾಗಿ ಆಫೀಸಿನ ಬಾಗಿಲು ತಟ್ಟಿದ ಸದ್ದಾಯಿತು. ನಮ್ಮ ಆಫೀಸೆಂದರೆ ಇಸ್ತ್ರಿ ಕೋಣೆಯ ಮೇಲಿನ ಗೂಡು. ನೆಲ ಸದಾ ಬೆಚ್ಚಗಿರುತ್ತದೆ, ಗೋಡೆಗೆಲ್ಲ ಸೋಪಿನ ವಾಸನೆ. ಭಾವ ಒಪ್ಪಂದದ ಕಾಗದ ಹರಡಿ, ಪೆನ್ನಿನ ಮುಚ್ಚಳ ತೆಗೆದು ಕಾದಿದ್ದರು. ಒಳಗೆ ಬಂದವರು ಇಬ್ಬರು ಹುಡುಗಿಯರು. ಒಬ್ಬಳ ಕೈಯಲ್ಲಿ ನನ್ನ ಪತ್ರ, ಇನ್ನೊಬ್ಬಳ ಕೈಯಲ್ಲಿ ಕೆಂಪು ಲೇಸಿನ ಶೂ.

"ಸ್ನೇಹಿತೇನ ಜೊತೆಗೆ ಕರ್ಕೊಂಡು ಬಂದ್ಯಾ? ಒಳ್ಳೇದು. ನಿಮ್ಮಲ್ಲಿ ಹನ್ನೊಂದು ಯಾರಮ್ಮ?" ಎಂದು ಕೇಳಿದೆ.

"ನಾವು," ಎಂದಳು ಪತ್ರ ಹಿಡಿದವಳು.

ಇನ್ನೊಬ್ಬಳು ಬಿಕ್ಕಳಿಸಿದಳು.

ಮಾತನಾಡಿದವಳು ಚಿನಕುರುಳಿ. ಶುರು ಮಾಡಿದರೆ ನಿಲ್ಲಿಸುವುದು ಕಷ್ಟ. "ನಾವಿಬ್ಬರೂ ಹಾಸ್ಟೆಲಲ್ಲಿ ಒಂದೇ ರೂಮು ಮೇಡಂ. ಟರ್ಫ್ ಶೂ ಇಬ್ಬರಿಗೂ ಸೇರಿ ಒಂದೇ ಜೊತೆ, ಅಳತೆ ಒಂದೇ ಅಲ್ವಾ, ಹಾಗಾಗಿ. ಒಂದು ಕ್ವಾರ್ಟರ್ ನಾನು, ಒಂದು ಕ್ವಾರ್ಟರ್ ಇವಳು. ಜರ್ಸೀನೂ ಬಿಚ್ಚಿ ಕೊಟ್ಟುಬಿಡ್ತೀವಿ. ಟೀಮಿಗೆ ಇರೋದೇ ಹನ್ನೆರಡು ಜರ್ಸಿ. ಸ್ನೇಹ ಪಂದ್ಯ ಅಂತ ಅಂಪೈರೂ ಸುಮ್ಮನಿದ್ರು. ವಿಮಾ ಕಂಪನಿಯವರಿಗೆ ನಿಜ ಹೇಳಿದ್ವಿ. ಅವರು, ಯಾರಾದ್ರೂ ಒಬ್ಬರು ಬನ್ನಿ, ನೀವೇ ತೀರ್ಮಾನ ಮಾಡ್ಕೊಳ್ಳಿ ಅಂದ್ರು. ನಿನ್ನೆ ಇಡೀ ದಿನ ಕೂತ್ವಿ. ಇವಳು ನೀನು ಹೋಗು ಅಂತಾಳೆ, ನಾನು ನೀನು ಹೋಗು ಅಂತೀನಿ. ಇಬ್ಬರೂ ಅತ್ತಿದ್ದಷ್ಟೇ ಬಂತು. ನಿಮ್ಮ ಪತ್ರದಲ್ಲೂ ಜಾಗ ಒಬ್ಬರಿಗೇ, ಅದಕ್ಕೆ ವಾಪಸ್ ಕೊಟ್ಟು ಹೋಗೋಣ ಅಂತ ಬಂದ್ವಿ."

ದಣಿವೇ ಇಲ್ಲದ ಆಟಗಾರ್ತಿ! ಇಬ್ಬರು ಸರದಿಯಲ್ಲಿ ಓಡಿದರೆ ದಣಿವು ಎಲ್ಲಿಂದ ಬರಬೇಕು? ಒಮ್ಮೆ, ಒಂದೇ ಒಂದು ಸಲ, ತಲೆಯೆತ್ತಿ ಮುಖ ನೋಡಿದ್ದರೆ ಸಾಕಿತ್ತು. ಒಬ್ಬಳದು ದುಂಡು ಮುಖ, ಇನ್ನೊಬ್ಬಳದು ಕೋಲು ಮುಖ. ನನ್ನ ಹನ್ನೆರಡು ವರ್ಷದ ಜಂಬ ಆ ಬೆಚ್ಚಗಿನ ನೆಲದ ಮೇಲೆ ಕರಗಿಹೋಯಿತು.

ಭಾವ ಕನ್ನಡಕ ತೆಗೆದು ಒರೆಸಿದರು. "ಕಾಲೇಜಿಗೆ ಬರೀ ಹನ್ನೆರಡು ಜರ್ಸೀನಾ? ಇದೆಂಥ ಕಾಲೇಜು!"

"ಇಪ್ಪತ್ತನಾಲ್ಕು ಇತ್ತು ಸಾರ್," ಎಂದಳು ಚಿನಕುರುಳಿ. "ಲಾಂಡ್ರಿಗೆ ಕೊಟ್ಟಿದ್ವಿ. ತಣ್ಣೀರಲ್ಲಿ ಒಗೀರಿ ಅಂತ ಚೀಟಿ ಇದ್ರೂ ಕುದಿಯೋ ನೀರಿಗೆ ಹಾಕಿದ್ದಾರೆ. ಅರ್ಧ ಜರ್ಸಿ ಗೊಂಬೆ ಅಂಗಿ ಆಗಿ ಬಂತು."

"ಯಾವ ಲಾಂಡ್ರಿ?"

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಿಕ್ಕಳಿಕೆಯವಳು ಬೆರಳಿಂದ ನೆಲ ತೋರಿಸಿದಳು.

ನಾನು ಕಪಾಟಿನಿಂದ ಬಟ್ಟೆ ಒಪ್ಪಿಸುವ ಪುಸ್ತಕ ತೆಗೆದೆ. ಮಹಿಳಾ ಕಾಲೇಜು, ಜರ್ಸಿ ಇಪ್ಪತ್ತನಾಲ್ಕು, ಪರಿಶೀಲಿಸಿದೆ, ಎಲ್ಲ ಸರಿಯಾಗಿದೆ. ಕೆಳಗೆ ಭಾವನ ಸಹಿ, ಎಂದಿನ ಹಾಗೆ ಬಾಲ ಸಮೇತ. ಅವರ ಮುಂದೆ ಪುಸ್ತಕ ತಿರುಗಿಸಿ ಇಟ್ಟೆ. ನನಗೆ ನಗು ತಡೆಯಲಾಗಲಿಲ್ಲ. ಹುಡುಗಿಯರೂ ನಕ್ಕರು. ಕೊನೆಗೆ ಭಾವನೂ ಮೀಸೆಯೊಳಗೇ ನಕ್ಕು, "ಆಯ್ತು, ಮಾನ ಹೋಯ್ತು. ಆದ್ರೆ ಜಾಗ ಇರೋದು ಒಂದೇ ಕಣಮ್ಮ. ಹದಿನೆಂಟಕ್ಕೆ ಇನ್ನೊಂದು ಸೇರಿಸಿದ್ರೆ ಲೀಗಿನವರು ಪಟ್ಟೀನೇ ವಾಪಸ್ ಎಸೀತಾರೆ" ಎಂದರು.

ಅವರು ಹೇಳಿದ್ದು ಸರಿಯೇ. ಹದಿನಾರು ಹುಡುಗಿಯರು ಬೆವರು ಸುರಿಸಿ ಗಳಿಸಿದ ಜಾಗ ಅವರದ್ದು. ಖಾಲಿ ಇರುವುದು ಒಂದು. ಉಳಿದದ್ದು ಹದಿನೆಂಟನೆಯ ಸಾಲು. ಭಾವ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಅದಕ್ಕೇ ಅವರು ಒಳ್ಳೆಯ ಮನುಷ್ಯ ಎಂದದ್ದು. ಗೋಲ್‌ಕೀಪರಿನ ಜಾಗ ಫಾರ್ವರ್ಡಿಗೆ ಹೇಗೆ ಕೊಡುವುದು ಎಂದು ನನಗೆ ನಾನೇ ವಾದ ಹೂಡಿಕೊಂಡೆ. ವಾದ ಗಟ್ಟಿಯಾಗಿಯೇ ಇತ್ತು.

"ನಿಮ್ಮಲ್ಲಿ ಯಾರಾದ್ರೂ ಗೋಲು ಕಾದಿದ್ದೀರಾ?" ಎಂದೆ. ಇಲ್ಲ ಎನ್ನಲಿ ಎಂದು ಮನಸ್ಸು ಬೇಡುತ್ತಿತ್ತು.

ಬಿಕ್ಕಳಿಕೆ ಕೈ ಎತ್ತಿದಳು. "ನಮ್ಮ ಕೀಪರ್‌ಗೆ ಪರೀಕ್ಷೆ ಇದ್ದಾಗ... ಬಿಕ್... ಐದು ಪಂದ್ಯ... ಬಿಕ್."

"ಎಷ್ಟು ಗೋಲು ಬಿಟ್ಟೆ?"

"ಒಂದು. ಅದೂ... ಬಿಕ್... ಇವಳು ತಪ್ಪಾಗಿ ನನ್ನ ಕಡೆಗೇ ಹೊಡೆದದ್ದು."

"ಬನ್ನಿ ಕೆಳಗೆ," ಎಂದೆ.

ಲಾಂಡ್ರಿಯ ಹಿಂದೆ ಹಾಸಿಗೆ ಬಟ್ಟೆ ಒಣಹಾಕುವ ಅಂಗಳವಿದೆ. ಎರಡು ತಳ್ಳುಗಾಡಿಗಳನ್ನು ನಿಲ್ಲಿಸಿ ಗೋಲು ಮಾಡಿದೆವು. ಮೊದಲು ನಾನೇ ಪ್ಯಾಡು ಕಟ್ಟಿಕೊಂಡು ನಿಂತೆ. ಇಸ್ತ್ರಿ ಕೋಣೆಯ ಹೆಂಗಸರು ಕಿಟಕಿಗೆ ಮುತ್ತಿಕೊಂಡರು. "ಗೋಡೆ ಅಕ್ಕ, ಬಿಡಬೇಡಿ!" ಎಂದು ಒಬ್ಬಳು ಕೂಗಿದಳು. ಇಬ್ಬರು ಹುಡುಗಿಯರೂ ಒಟ್ಟಿಗೆ ಬಂದರು. ಬಹುಶಃ ಇಬ್ಬರೂ ಒಟ್ಟಿಗೆ ಗೋಲಿನತ್ತ ನುಗ್ಗಿ ಆಡಿದ್ದು ಅದೇ ಮೊದಲು. ಒಬ್ಬಳ ಕಾಲಲ್ಲಿ ಶೂ, ಒಬ್ಬಳದು ಬರಿಗಾಲು. ಚೆಂಡು ಅವಳಿಂದ ಇವಳಿಗೆ, ಇವಳಿಂದ ಅವಳಿಗೆ, ಒಣಗುತ್ತಿದ್ದ ಬಟ್ಟೆಗಳ ಸಂದಿಯಲ್ಲಿ ಒಮ್ಮೆ ಮಾಯ, ಒಮ್ಮೆ ಪ್ರತ್ಯಕ್ಷ. ನಾನು ಎಡಕ್ಕೆ ಬಿದ್ದೆ. ಚೆಂಡು ಬಲಕ್ಕೆ ಹೋಯಿತು. ಮತ್ತೆ ಎದ್ದೆ. ಈ ಸಲ ನನ್ನ ಎರಡು ಕಾಲುಗಳ ನಡುವೆಯೇ ನುಗ್ಗಿತು. ಹತ್ತರಲ್ಲಿ ಎಂಟು ಗೋಲು. ಮಣ್ಣಲ್ಲಿ ಕೂತು ಗಂಟಲು ಬಿಚ್ಚಿ ನಕ್ಕೆ. ಅಷ್ಟು ಚೆನ್ನಾಗಿ ನನ್ನನ್ನು ಯಾರೂ ಸೋಲಿಸಿರಲಿಲ್ಲ.

ಆಮೇಲೆ ಪ್ಯಾಡು ಬಿಚ್ಚಿ ಬಿಕ್ಕಳಿಕೆಗೆ ಕಟ್ಟಿದೆ. ಬಕಲ್ ಬಿಗಿದು ಮುಗಿಸುವಷ್ಟರಲ್ಲಿ ಅವಳ ಬಿಕ್ಕಳಿಕೆ ನಿಂತಿತ್ತು. ತಳ್ಳುಗಾಡಿಗಳ ನಡುವೆ ನಿಂತು ಮೊಣಕಾಲು ಬಗ್ಗಿಸಿ ನನ್ನ ಕಡೆ ನೋಡಿದಳು. ಆ ನೋಟ ನನಗೆ ಗೊತ್ತು. ಇಪ್ಪತ್ತು ವರ್ಷ ಅದೇ ನೋಟವನ್ನು ನಾನೂ ನೋಡಿದ್ದೆ. ಕೋಲು ತಗೊಂಡು ಇರುವ ಶಕ್ತಿಯನ್ನೆಲ್ಲ ಹಾಕಿ ಹೊಡೆದೆ. ಕಾಲಲ್ಲಿ ತಡೆದಳು. ಮೂಲೆಗೆ ಹೊಡೆದೆ. ಕೈಯಲ್ಲಿ ತಡೆದಳು. ಹತ್ತಕ್ಕೆ ಹತ್ತೂ. ಕಿಟಕಿಯ ಹೆಂಗಸರು ಮೊದಲು ನನ್ನ ಪರವಾಗಿ ಕೂಗುತ್ತಿದ್ದವರು ಆರನೆಯದರ ಹೊತ್ತಿಗೆ ಪಕ್ಷಾಂತರ ಮಾಡಿದ್ದರು.

ಮೇಲೆ ಹೋಗಿ ಭಾವನ ಮೇಜಿನ ಮೇಲಿದ್ದ ಪಟ್ಟಿ ಎಳೆದುಕೊಂಡೆ. ಅವರೇ ಪೆನ್ನು ಕೊಟ್ಟರು. "ನಾಳೆ ತನಕ ಯೋಚನೆ ಮಾಡಬಹುದು," ಎಂದರು ಮೆಲ್ಲಗೆ.

"ಮಾತು ಕೊಟ್ಟಾಗಿದೆ ಭಾವ."

ನನ್ನ ಹೆಸರಿನ ಮೇಲೆ ಒಂದು ಗೆರೆ ಎಳೆದೆ. ಕಣ್ಣಲ್ಲಿ ನೀರು ಬಂತು, ಬರಲಿ ಎಂದು ಬಿಟ್ಟೆ. ಆಮೇಲೆ ಹದಿನೇಳನೆಯ ಸಾಲಿನಲ್ಲಿ ಚಿನಕುರುಳಿಯ ಹೆಸರು, ಹದಿನೆಂಟರಲ್ಲಿ ಬಿಕ್ಕಳಿಕೆಯ ಹೆಸರು, ಎರಡನ್ನೂ ಕೇಳಿ ಕೇಳಿ, ಅಕ್ಷರ ತಪ್ಪದ ಹಾಗೆ ನಾನೇ ಬರೆದೆ. ಸಹಿ ಹಾಕುವಾಗ ಇಬ್ಬರೂ ಒಂದೇ ಪೆನ್ನಿಗೆ ಕೈ ಚಾಚಿದರು.

"ಇನ್ಮೇಲೆ ಎಲ್ಲಾನೂ ಎರಡೆರಡು ಕಣ್ರೇ," ಎಂದು ಭಾವ ಇನ್ನೊಂದು ಪೆನ್ನು ತೆಗೆದುಕೊಟ್ಟರು. ಕಾಲೇಜಿಗೆ ಹನ್ನೆರಡು ಹೊಸ ಜರ್ಸಿ ಕಳಿಸುವುದಾಗಿ ಅಲ್ಲೇ ಒಂದು ಪಟ್ಟಿಯನ್ನೂ ಬರೆದು ಸಹಿ ಹಾಕಿದರು.

ಹದಿನೆಂಟನೇ ನಂಬರಿನ ಜರ್ಸಿ ಆರು ವರ್ಷದಿಂದ ನನ್ನ ಬೀರುವಿನಲ್ಲಿತ್ತು. ಅದನ್ನು ತಣ್ಣೀರಲ್ಲಿ ನನ್ನ ಕೈಯಲ್ಲೇ ಒಗೆದು, ಇಸ್ತ್ರಿ ಮಾಡಿ ಬಿಕ್ಕಳಿಕೆಗೆ ಕೊಟ್ಟೆ. ಹನ್ನೊಂದನ್ನು ಚಿನಕುರುಳಿ ಕೇಳಿ ಪಡೆದಳು.

ಮೊದಲ ಪಂದ್ಯ ವಿಮಾ ಕಂಪನಿಯವರ ಮೇಲೆ. ಪಟ್ಟಿಯಲ್ಲಿ ಹೆಸರಿಲ್ಲದವರು ಆಟಗಾರರ ಬೆಂಚಿನಲ್ಲಿ ಕೂರುವಂತಿಲ್ಲ ಎಂದು ಭಾವ ನಿಯಮ ಓದಿದರು. ಮೇಲಿನ ಮೆಟ್ಟಿಲಿಗೆ ನಾನು ಹೋಗಲಿಲ್ಲ. ಬೇಲಿಗೆ ಅಂಟಿಕೊಂಡು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ, ಅಕ್ಕನ ಪಕ್ಕ ಕೂತೆ. ಮೊದಲ ಕ್ವಾರ್ಟರ್ ಮುಗಿದದ್ದೇ ತಡ, ಚಿನಕುರುಳಿ ಬೆಂಚಿಗೆ ಓಡಿ ಬಂದು, ಕೂತು, ಸರಸರನೆ ಕೆಂಪು ಲೇಸು ಬಿಚ್ಚಿ ಶೂ ಎತ್ತಿ ಗೆಳತಿಯ ಮುಂದೆ ಹಿಡಿದಳು. ಬಿಕ್ಕಳಿಕೆ ತನ್ನ ಕಾಲಿನ ಹೊಸ ಶೂ ತೋರಿಸಿದಳು. ಇಡೀ ಬೆಂಚು ಬಿದ್ದು ಬಿದ್ದು ನಕ್ಕಿತು. ವಿಮಾ ಕಂಪನಿಯವರಿಗೆ ಏನೆಂದೇ ಅರ್ಥವಾಗಲಿಲ್ಲ.

ಗೋಲಿನಲ್ಲಿ ನಮ್ಮ ಮೊದಲ ಕೀಪರ್ ಇದ್ದಳು, ಹಾಗಾಗಿ ಮೂರನೇ ಕ್ವಾರ್ಟರಿನಲ್ಲಿ ಇಬ್ಬರನ್ನೂ ಒಟ್ಟಿಗೆ ಮೈದಾನಕ್ಕೆ ಬಿಟ್ಟರು. ಹದಿನೆಂಟು ಹಿಂದಿನಿಂದ ಕೊಟ್ಟಿತು, ಹನ್ನೊಂದು ಎಗರಿಸಿಕೊಂಡು ಹೋಗಿ ಬಾರಿಸಿತು. ಗೋಲಿನ ಹಿಂದಿನ ಹಲಗೆಗೆ ಚೆಂಡು ಬಡಿದ ಸದ್ದಾಯಿತು. ನಾನು ಮೊಣಕಾಲು ಮರೆತು ಎದ್ದು ಕುಣಿದೆ. ಹುಡುಗಿಯರು ಎಲ್ಲರನ್ನೂ ಬಿಟ್ಟು ನೆಟ್ಟಗೆ ಬೇಲಿಯ ಹತ್ತಿರ ಓಡಿಬಂದರು.

"ಅಕ್ಕಾ, ಕಾಲು ನೋಡಿದ್ರಾ? ಹೇಗಿತ್ತು ನನ್ನ ಕಾಲು?" ಎಂದು ಚಿನಕುರುಳಿ ಏದುಸಿರಲ್ಲೇ ಕೇಳಿದಳು.

"ಇಲ್ಲ ಕಣೇ," ಎಂದೆ. "ಇವತ್ತು ಬರೀ ಮುಖ ನೋಡ್ತಿದ್ದೆ."