ಕೆಂಪಿಯ ಮೈಮೇಲಿನ ಬಿಳಿ ಚುಕ್ಕೆ

ಬೇವೂರಿನ ದುರುಗವ್ವನ ಪಡಸಾಲೆಯಲ್ಲಿ ಒಂದು ಗಾಜಿನ ತೊಟ್ಟಿ, ಅದರಲ್ಲಿ ಐದು ಗೋಲ್ಡ್‌ಫಿಶ್. ಮೊಮ್ಮಗಳು ದೀಪಿಕಾ ಹಟ ಹಿಡಿದು ತರಿಸಿದವು. ದಿನಾ ತಿನ್ನಲು ಹಾಕುವವಳು ಮಾತ್ರ ದುರುಗವ್ವ. ಅವಳು ಗಾಜಿಗೆ ಬೆರಳಿಟ್ಟರೆ ಸಾಕು, ಕೆಂಪಿ ಎಂಬ ಮೀನು ಬಾಲ ಆಡಿಸುತ್ತ ಬಂದು ಅಲ್ಲೇ ನಿಲ್ಲುತ್ತಿತ್ತು.

ಒಂದು ದಿನ ಮಗ ಕಲ್ಲೇಶ ಗಂಗಾವತಿಯಿಂದ ಇನ್ನೊಂದು ಮೀನು ತಂದವನೇ ತೊಟ್ಟಿಗೆ ಬಿಟ್ಟ. ನಾಲ್ಕು ದಿನಕ್ಕೆ ಎಲ್ಲ ಮೀನುಗಳ ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ. ಕಲ್ಲಿಗೆ ಮೈ ಉಜ್ಜತೊಡಗಿದವು. ಎರಡು ಸತ್ತವು. ಕೆಂಪಿ ಮೂಲೆ ಹಿಡಿಯಿತು, ಬೆರಳಿಟ್ಟರೂ ಬರಲಿಲ್ಲ.

"ಅಮ್ಮ ಬಂದಾಳ," ಎಂದಳು ದುರುಗವ್ವ. ಮಕ್ಕಳಿಗೆ ಅಮ್ಮ ಬಂದಾಗ ಮಾಡುವುದನ್ನೇ ಮಾಡಿದಳು. ನೀರಿಗೆ ಬೇವಿನೆಲೆ ಹಾಕಿದಳು, ತಂಪಾಗಲೆಂದು ಗಡಿಗೆಯ ನೀರು ಸುರಿದಳು, "ಔಷಧದ ಹೆಸರು ಎತ್ತಬ್ಯಾಡ್ರಿ" ಎಂದು ಎಲ್ಲರಿಗೂ ತಾಕೀತು ಮಾಡಿದಳು. ಮರುದಿನ ಇನ್ನೊಂದು ಮೀನು ತೇಲಿತು. ದೀಪಿಕಾ ಅಳುತ್ತಲೇ ಶಾಲೆಗೆ ಹೋದಳು.

ಯಲಬುರ್ಗಾದಲ್ಲಿ ಬಣ್ಣದ ಮೀನಿನ ಅಂಗಡಿ ಇಟ್ಟಿರುವ ಮರ್ದಾನಸಾಬನನ್ನು ಕಲ್ಲೇಶ ಸಂಜೆ ಬಸ್ಸಿಗೆ ಕರೆತಂದ. ದುರುಗವ್ವ ಹೊಸ್ತಿಲಲ್ಲೇ ತಡೆದಳು.

"ಅಮ್ಮ ಇದ್ದ ಮನಿಯೊಳಗ ಹೊರಗಿನವರು ಬರಬಾರದು, ಸಾಬ್ರ."

"ಬರೂದಿಲ್ಲ ಬಿಡ್ರಿ ಅವ್ವಾರ, ಇಲ್ಲೇ ನಿಂತು ನೋಡ್ತೀನಿ. ಆದ್ರ ಇದು ಅಮ್ಮ ಅಲ್ರಿ. ಎಮ್ಮಿಗೆ ಉಣ್ಣಿ ಹತ್ತೂದಿಲ್ಲೇನ್ರಿ? ಹಂಗ ಒಂದೊಂದು ಚುಕ್ಕಿಯೊಳಗ ಒಂದೊಂದು ಹುಳ ಕುಂತೈತಿ. ಹೊಸಾ ಮೀನಿನ ಕೂಡ ಬಂದೈತಿ."

"ಉಣ್ಣಿ ಆದ್ರ ಕೈಲೆ ಕೀಳ್ತೀನಿ. ಇದನ್ನ ಹೆಂಗ ಕೀಳ್ಲಿ?"

"ಉಪ್ಪು ಹಾಕ್ರಿ."

"ಮೊದಲ ಮೈತುಂಬ ಉಪ್ಪು ಹತ್ತಿದಂಗ ಕಾಣತೈತಿ, ಮತ್ತ ಉಪ್ಪು ಅಂತೀರಲ್ರಿ!" ಎನ್ನುತ್ತ ದುರುಗವ್ವ ನಕ್ಕಳು. ಬಾಗಿಲು ಬಿಟ್ಟು ಸರಿದಳು.

ಮರ್ದಾನಸಾಬ ಎಲೆಗಳನ್ನೆಲ್ಲ ತೆಗೆಸಿದ. ಹತ್ತು ಲೀಟರಿಗೆ ನಾಲ್ಕು ಸಣ್ಣ ಚಮಚದಂತೆ ಹರಳುಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ಒಮ್ಮೆಲೇ ಸುರಿಯದೆ ಮೂರು ಸಲಕ್ಕೆ ಹಾಕಲು ಹೇಳಿದ. ದಿನಾ ತಳದ ಹೊಲಸಿನ ಸಮೇತ ಕಾಲು ಭಾಗ ನೀರು ಪೈಪಿನಿಂದ ಎಳೆಯಬೇಕು. ಹೊಸ ನೀರು ತೊಟ್ಟಿಯ ನೀರಿನಷ್ಟೇ ಬೆಚ್ಚಗಿರಬೇಕು. ಆ ಹೊಸ ನೀರಿನ ಮಟ್ಟಿಗೆ ಮಾತ್ರ ಅದೇ ಅಳತೆಯ ಉಪ್ಪು ಸೇರಬೇಕು.

ಐದನೆಯ ದಿನ ಚುಕ್ಕೆ ಮಾಯ. "ಹೋದ್ಲು ನೋಡು ಅಮ್ಮ! ಮೊಸರನ್ನದ ಎಡಿ ಮಾಡಿ ಕಳಿಸೂಣು, ಉಪ್ಪು ಸಾಕು," ಎಂದಳು ದುರುಗವ್ವ. ಕಲ್ಲೇಶ ಮರ್ದಾನಸಾಬನಿಗೆ ಫೋನ್ ಹಚ್ಚಿಕೊಟ್ಟ.

"ಎಡಿ ಮಾಡ್ರಿ ಅವ್ವಾರ, ಉಪ್ಪು ಮಾತ್ರ ಬಿಡಬ್ಯಾಡ್ರಿ. ಹುಳ ಮೈಯಿಂದ ಉದುರಿ ತಳದಾಗ ಅಡಗೈತಿ. ಅಲ್ಲಿ ಒಂದು ಹೋಗಿ ನೂರಾಗಿ ಮ್ಯಾಲ ಈಜಿ ಬರ್ತಾವು. ಉಪ್ಪು ಕೊಲ್ಲೂದು ಅವಾಗ. ಇನ್ನ ಹತ್ತು ದಿನ ತಡೀರಿ."

ಮೊಸರನ್ನ ಮನೆಮಂದಿ ಉಂಡರು. ಉಪ್ಪು ನಿಲ್ಲಲಿಲ್ಲ. ಹದಿನೈದನೆಯ ದಿನ ದುರುಗವ್ವ ಗಾಜಿಗೆ ಬೆರಳಿಟ್ಟಳು. ಕೆಂಪಿ ಬಾಲ ಆಡಿಸುತ್ತ ಬಂತು.

"ದೀಪೀ, ಓಡಿ ಬಾರವ್ವಾ!"

ತಿಂಗಳ ಮೇಲೆ ಕಲ್ಲೇಶ ಮತ್ತೆರಡು ಮೀನು ತಂದ. ದುರುಗವ್ವ ಹೊಸ್ತಿಲಲ್ಲೇ ಕೈ ಅಡ್ಡ ಹಿಡಿದಳು: "ನಿಂದ್ರು! ಮೂರು ವಾರ ಬ್ಯಾರೆ ಟಬ್ಬಿನಾಗ ಇರಲಿ. ಹೊರಗಿನವರು ಒಳಗ ಬರಬಾರದು."

ಮೀನು ಸಾಕುವ ಅಕ್ಕ-ಅಣ್ಣಂದಿರೇ, ನೀವೂ ಹೊಸ ಮೀನನ್ನು ಹೀಗೆಯೇ ಬಾಗಿಲಲ್ಲಿ ತಡೆಯಿರಿ. ಬಿಳಿ ಚುಕ್ಕೆ ಕಂಡ ದಿನವೇ ತಿಳಿದವರನ್ನು ಕೇಳಿರಿ. ಎಲ್ಲ ಜಾತಿಯ ಮೀನಿಗೂ ಉಪ್ಪಿನ ಅಳತೆ ಒಂದೇ ಅಲ್ಲ. ಚುಕ್ಕೆ ಹೋಯಿತೆಂದು ಚಿಕಿತ್ಸೆಯನ್ನು ನಡುವೆ ಬಿಡಬೇಡಿರಿ. ಅವಕ್ಕೆ ಬಾಯಿ ಇಲ್ಲ, ನೋಡುವ ಕಣ್ಣು ನಮ್ಮದೇ.