ತರಚಿದ ಮೊಣಕಾಲು

ಹೆಣ ಹೊತ್ತವರು ಚರ್ಚಿನ ಅಂಗಳದ ಬಾಗಿಲಲ್ಲೇ ನಿಂತುಬಿಟ್ಟರು. ಕೈಶಿಲುಬೆ ಹಿಡಿದ ಪಾದ್ರಿ ಅಬ್ಬಾ ತೆಕ್ಲೆ ಅಡ್ಡ ನಿಂತಿದ್ದರು.

"ಗೋಡೆ ಮೇಲಿನ ಆ ಮೊಣಕಾಲ ಗಾಯ ಅಳಿಸೋವರೆಗೂ ಈ ಕಿನ್ಫೆಗೆ ಪ್ರಾರ್ಥನೆ ಇಲ್ಲ, ಇಲ್ಲಿ ಮಣ್ಣೂ ಇಲ್ಲ."

"ಅಳಿಸೋರು ಯಾರು ಅಬ್ಬಾ? ಬಣ್ಣ ಬಳಿಯೋನು ನಮ್ ಹೆಗಲ ಮೇಲೆ ಮಲಗಿದಾನೆ," ಎಂದ ಹೊತ್ತವರಲ್ಲೊಬ್ಬ.

"ಮಗಳಿದಾಳಲ್ಲ, ಅಪ್ಪನ ಹತ್ರಾನೇ ಕುಂಚ ಕಲಿತೋಳು."

ಎಲ್ಲರೂ ಅತ್ಸೆದೆಯತ್ತ ತಿರುಗಿದರು. ಅವಳು ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದಳು. ಅಳಿಸಿದರೆ ಅವ್ವನಿಗೆ ದ್ರೋಹ. ಅಳಿಸದಿದ್ದರೆ ಅಪ್ಪ ಊರಾಚೆಯ ಬಯಲಲ್ಲಿ ಕತ್ತೆಕಿರುಬಗಳ ಪಾಲು.

*

ತಮ್ಮ ದೆಸ್ತಾ ಜ್ವರದಲ್ಲಿ ತೀರಿಕೊಂಡ ವರ್ಷವೇ ಅಪ್ಪ ಚರ್ಚಿನ ಹೆಂಗಸರ ಬಾಗಿಲ ಪಕ್ಕದ ಗೋಡೆಗೆ ಮಾತೆ ಮರಿಯಳನ್ನೂ ಮಗುವನ್ನೂ ಬರೆದದ್ದು. ಬಾಲಯೇಸುವಿನ ಮೊಣಕಾಲಿಗೆ, ಆಡುವಾಗ ಬಿದ್ದು ದೆಸ್ತಾ ಮಾಡಿಕೊಂಡಿದ್ದ ತರಚುಗಾಯವನ್ನೇ ಇಟ್ಟುಬಿಟ್ಟಿದ್ದ.

"ದೇವರು ಎಡವ್ತಾನೇನಯ್ಯ?" ಅಬ್ಬಾ ಕೆರಳಿದ್ದರು.

"ಮನುಷ್ಯನಾಗಿ ಹುಟ್ಟಿದ ಅಂತ ನೀವೇ ಹೇಳ್ತೀರಲ್ಲ. ಬೀಳದೆ ನಡಿಗೆ ಕಲಿತ ಮಗು ಎಲ್ಲಿದೆ, ತೋರಿಸಿ."

"ಶಿಲುಬೆಯ ಗಾಯ ನಮಗೋಸ್ಕರ. ಈ ಗಾಯ ಯಾರಿಗೋಸ್ಕರ?"

ಅಪ್ಪ ಅಳಿಸಲಿಲ್ಲ. ತಾನಾ ಸರೋವರದ ಆ ದಡದಲ್ಲಿ ಅದನ್ನು ಅಳಿಸಬಲ್ಲ ಬೇರೆ ಚಿತ್ರಗಾರನಿರಲಿಲ್ಲ. ಅಬ್ಬಾ ಚಿತ್ರಕ್ಕೆ ಪರದೆ ಇಳಿಬಿಟ್ಟರು. ಅವ್ವ ಬಿರ್ಕೆ ಪ್ರತಿ ಭಾನುವಾರ ಪರದೆಯೊಳಗೆ ತಲೆ ತೂರಿಸಿ ಆ ಮೊಣಕಾಲಿಗೆ ಮುತ್ತಿಡುತ್ತಿದ್ದಳು.

*

ಬಿಸಿಲೇರಿತು. ಹೆಣವನ್ನು ಇನ್ನೆಷ್ಟು ಹೊತ್ತು ಕಾಯಿಸುವುದು? ಅತ್ಸೆದೆ ಅಪ್ಪನದೇ ಕುಂಚ, ಅಪ್ಪನದೇ ಎಣ್ಣೆಬಣ್ಣ ತಂದು ಒಳಗೆ ಹೋದಳು.

"ಕ್ಷಮಿಸೋ ಮರಿ," ಎಂದಳು. ತಮ್ಮನಿಗೆ ಹೇಳಿದ್ದೋ ಯೇಸುವಿಗೆ ಹೇಳಿದ್ದೋ ಅವಳಿಗೇ ತಿಳಿಯಲಿಲ್ಲ. ಗಾಯದ ಮೇಲೆ ಮೈಬಣ್ಣ ಬಳಿದಳು. ಮೊಣಕಾಲು ನುಣ್ಣಗಾಯಿತು.

ಅಬ್ಬಾ ಬಂದು ನೋಡಿ ಪರದೆ ಎಳೆದರು. "ನಂಗೇನು ಖುಷೀನಾ ಮಗಳೇ? ನಾಳೆ ದೇವರ ಮುಂದೆ ಲೆಕ್ಕ ಕೊಡಬೇಕಾದೋನು ನಾನು," ಎಂದು ಕಣ್ಣು ತಪ್ಪಿಸಿ, ಹೆಣವನ್ನು ಒಳಗೆ ಕರೆಯಲು ಹೊರಟರು.

ಅಷ್ಟರಲ್ಲಿ ಕಣ್ಣು ಮಂಜಾದ ಬಿರ್ಕೆ ಗೋಡೆ ತಡವುತ್ತ ಬಂದಳು.

"ಅವ್ವಾ, ಬೇಡ. ಇವತ್ತೊಂದಿನ ಬೇಡ."

"ಸುಮ್ನಿರೇ. ಅವನಿಗೆ ಹೇಳ್ಬೇಡ್ವಾ?" ಬಿರ್ಕೆ ಪರದೆಯೊಳಗೆ ತಲೆ ತೂರಿಸಿದಳು. "ನಿಮ್ಮಪ್ಪ ಬರ್ತಿದಾನೆ ಕಣೋ," ಎಂದು ಎಂದಿನ ಜಾಗಕ್ಕೇ ಬಾಯಿ ಒತ್ತಿದಳು.

ಅವಳು ಮುಖ ಎತ್ತಿದಾಗ ತುಟಿಗೆಲ್ಲ ಹಸಿಬಣ್ಣ ಮೆತ್ತಿತ್ತು. ಗೋಡೆಯಲ್ಲಿ ಅವಳ ಬಾಯಿಯಷ್ಟಗಲ ಗಾಯ ಮತ್ತೆ ಕೆಂಪಗೆ ತೆರೆದುಕೊಂಡಿತ್ತು.

ಹೆಣ ಹೊತ್ತವರ ಹೆಜ್ಜೆಸಪ್ಪಳ ಒಳಗೆ ಬರುತ್ತಿತ್ತು. ಅತ್ಸೆದೆ ಪರದೆ ಎಳೆದು ಸೆರಗಿನಿಂದ ಅವ್ವನ ಬಾಯಿ ಒರೆಸತೊಡಗಿದಳು. ಒರೆಸಿದಷ್ಟೂ ಬಣ್ಣ ಕೆನ್ನೆಗೆ ಹರಡಿತು.